ಅತ್ತೆಯ ಗಂಟು ಮತ್ತು ನನ್ನ ಬಲ ಹೆಗಲು

ತನ್ನ ತೋಳಿನಲ್ಲಿ ಎಷ್ಟು ಬಲವಿದೆ ಎಂಬುದು ಗಂಡಸಿಗೆ ಮದುವೆಗೆ ಮುಂಚೆಯೇ ಗೊತ್ತಾಗಿಬಿಟ್ಟರೆ ಒಳ್ಳೆಯದು. ಆಮೇಲೆ ಗೊತ್ತಾದರೆ ಹೆಂಡತಿಯ ಕಡೆಯವರೂ ಅದರಲ್ಲಿ ಸಿಕ್ಕಿಕೊಳ್ಳುತ್ತಾರೆ. ನನಗೆ ಗೊತ್ತಾದದ್ದು ಮೂವತ್ತೆರಡನೆಯ ವಯಸ್ಸಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಹತ್ತು ಹನ್ನೆರಡು ಜನ ಹಮಾಲರ ಎದುರಿಗೆ. ಅದಾಗಿ ಈಗ ಐದಾರು ವರ್ಷವಾಯಿತು. ಹೆಗಲು ವಾಸಿಯಾಗಿದೆ. ವಾಸಿಯಾಗದೆ ಉಳಿದದ್ದು ಬೇರೊಂದಿದೆ. ಅದನ್ನು ಹೇಳಿಬಿಡೋಣವೆಂದು ಕುಳಿತಿದ್ದೇನೆ. ಹೇಳಬೇಕಾದವರಿಗೆ ಹೇಳಬೇಕಾದಾಗ ಹೇಳಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು, ಹೀಗೆ ಕಾಗದ ಹಾಳು ಮಾಡುವ ಅಗತ್ಯ ಬೀಳುತ್ತಿರಲಿಲ್ಲ.

ನಾನು ಆದವಾನಿಯ ಒಂದು ಹತ್ತಿ ಪ್ರೆಸ್ಸಿನಲ್ಲಿ ಮಾರ್ಕು ಹಾಕುವವನು. ಹತ್ತಿಯನ್ನು ಯಂತ್ರದಲ್ಲಿ ಒತ್ತಿ, ಗೋಣಿತಟ್ಟು ಸುತ್ತಿ, ಕಬ್ಬಿಣದ ಪಟ್ಟಿ ಬಿಗಿದು ಅಂಡಿಗೆ ಮಾಡುತ್ತಾರೆ. ಆ ಅಂಡಿಗೆಯ ಹೊಟ್ಟೆಯ ಮೇಲೆ ಕಪ್ಪು ಮಸಿಯಲ್ಲಿ ಸಾಹುಕಾರರ ಗುರುತು ಬರೆಯುವುದು ನನ್ನ ಕೆಲಸ. ಅಂಡಿಗೆ ಹೊರುವವರು ಹಮಾಲರು. ಆಳಿಗಿಂತ ದಪ್ಪನೆಯ ಅಂಡಿಗೆಯನ್ನು ಕೊಕ್ಕೆ ಹಾಕಿ ಎಳೆದು, ಬೆನ್ನ ಮೇಲೆ ಹೊತ್ತು, ಹಾಡಿನಂಥದೊಂದು ಕೂಗು ಹಾಕುತ್ತ ಓಡುತ್ತಾರೆ. ನಾನು ಅವರ ನಡುವೆ ಒಂದು ಡಬ್ಬಿ, ಒಂದು ಬುರುಸು ಹಿಡಿದು ನಿಂತಿರುತ್ತೇನೆ. ಅವರೆಲ್ಲ ಸೇರಿ ನನಗೆ ಬುರುಸಪ್ಪ ಎಂದು ಹೆಸರಿಟ್ಟಿದ್ದರು. ಗೌರವ ಕೊಡುವಾಗ ಬುರುಸಪ್ಪಾರು. ಆ ಭಾನುವಾರದ ಹೊತ್ತಿಗೆ ಎಂಟು ವರ್ಷ ಈ ಹೆಸರಿಗೆ ನಕ್ಕಿದ್ದೆ, ಆದರೆ ಒಂದು ದಿನವೂ ಮನಸ್ಸಿನಿಂದ ನಕ್ಕಿರಲಿಲ್ಲ.

ಪ್ರೆಸ್ಸಿನ ಹಿಂದೆ ಹನುಮಪ್ಪನ ಗುಡಿ. ಅದಕ್ಕೆ ಅಂಟಿಕೊಂಡು ಹಮಾಲರ ಗರಡಿ. ಗುಡಿಯ ಮುಂದೆ ಒಂದು ಉರುಟು ಕಲ್ಲು ಬಿದ್ದಿರುತ್ತದೆ. ಅದಕ್ಕೆ ಗುಂಡು ಎನ್ನುತ್ತಾರೆ. ಭಾನುವಾರ ರಜೆಯ ದಿನ ಒಬ್ಬೊಬ್ಬರಾಗಿ ಅದನ್ನು ಎದೆಗೆ ತಂದು, ಹೆಗಲಿಗೆ ಏರಿಸಿ, ಬೆನ್ನ ಹಿಂದಕ್ಕೆ ಬೀಳಿಸುತ್ತಾರೆ. ಎತ್ತಿದವನಿಗೆ ಸಿಗುವುದು ಒಂದು ಹೋಳು ತೆಂಗಿನಕಾಯಿ, ಅಷ್ಟೆ. ಆ ಹೋಳಿನ ಮೇಲೆ ನನಗೆ ಆಗಲೇ ಎಂಟು ವರ್ಷದ ಆಸೆ.

ಆ ಭಾನುವಾರ ಮನೆಯಲ್ಲಿ ನಡೆದದ್ದನ್ನೂ ಹೇಳಿಬಿಡಬೇಕು. ಸಂಜೆಗೆ ಹಾಲಹರವಿಯಿಂದ ನನ್ನ ಅತ್ತೆ ತಿಮ್ಮವ್ವ ಬರುವವರಿದ್ದರು. ಅವರ ಹಾಸಿಗೆಗೆ ಜಾಗವಾಗಲೆಂದು ಪಡಸಾಲೆಯ ಬೀಸುವ ಕಲ್ಲನ್ನು ಒಳಗೆ ಸರಿಸಿಕೊಡಿ ಎಂದು ನನ್ನ ಹೆಂಡತಿ ನಾಗಮ್ಮ ಕೇಳಿದಳು. ನಾನು ನಡುವಿನ ಮೇಲೆ ಕೈ ಇಟ್ಟುಕೊಂಡು, "ನಡ ಹಿಡದೈತಿ, ನನ್ನ ಕೈಲೆ ಆಗಾಕಿಲ್ಲ" ಎಂದೆ. ಸ್ವಲ್ಪ ನರಳಿದೆ ಕೂಡ. ಪಾಪ, ಅವಳು ನಂಬಿದಳು. ಹಾಗೆ ನಡ ಹಿಡಿದವನು ಅರ್ಧ ಗಂಟೆಯಲ್ಲಿ ಗುಡಿಯ ಮುಂದೆ ಅಂಗಿ ಬಿಚ್ಚಿ ನಿಂತಿದ್ದೆ.

"ಬ್ಯಾಡ್ರಿ ಬುರುಸಪ್ಪಾರ, ಇದು ಮಸಿ ಡಬ್ಬಿ ಅಲ್ಲ" ಎಂದ ಹುಸೇನಪ್ಪ. ಹಮಾಲರ ಮೇಸ್ತ್ರಿ ಅವನೇ, ಗರಡಿಯ ಉಸ್ತಾದನೂ ಅವನೇ. ಕಡಿಮೆ ಮಾತಿನ ಮನುಷ್ಯ. ಉಳಿದವರು ಬಿಡಬೇಕಲ್ಲ! "ಎತ್ತಂಡಿ ಎತ್ತಂಡಿ" ಎಂದು ತೆಲುಗಿನಲ್ಲಿ ಒಬ್ಬ, "ಎತ್ರಿ ನೋಡೋಣು" ಎಂದು ಕನ್ನಡದಲ್ಲಿ ಇನ್ನೊಬ್ಬ. ನಾನು ಬಗ್ಗಿ ಗುಂಡನ್ನು ತಬ್ಬಿದೆ. ಅದು ಮೊಣಕಾಲಿಗೆ ಬಂತು. ಎದೆಗೂ ಬಂತು. ಇವತ್ತಿಗೂ ನನಗೆ ಆಶ್ಚರ್ಯ, ಅದು ಎದೆಗೆ ಬಂದದ್ದು ಹೌದು. ಹೆಗಲಿಗೆ ಏರಿಸುವ ಹೊತ್ತಿಗೆ ಎಲ್ಲರೂ ನೋಡುತ್ತಿದ್ದಾರೆಯೇ ಎಂದು ನೋಡಲು ಸ್ವಲ್ಪ ಕತ್ತು ತಿರುಗಿಸಿದೆ. ಬಲ ಹೆಗಲಿನೊಳಗೆ ಏನೋ ಲಟಕ್ ಎಂದಿತು. ಗುಂಡು ನೆಲಕ್ಕೆ ಹೋಯಿತು, ಅದರ ಪಕ್ಕದಲ್ಲಿ ನಾನೂ.

ಹುಸೇನಪ್ಪ ನನ್ನನ್ನು ಗರಡಿಯ ಮಣ್ಣಿನಲ್ಲಿ ಅಂಗಾತ ಮಲಗಿಸಿ, ಕಂಕುಳಲ್ಲಿ ತನ್ನ ಹಿಮ್ಮಡಿ ಇಟ್ಟು, ಕೈಯನ್ನು ನಿಧಾನವಾಗಿ ಜಗ್ಗಿದ. ನನ್ನ ಕೂಗು ರೈಲು ಸ್ಟೇಷನ್ನಿನ ತನಕ ಕೇಳಿಸಿರಬೇಕು. ಕೀಲು ಮತ್ತೆ ಲಟಕ್ ಎಂದು ಕೂತಿತು. ತನ್ನ ರುಮಾಲನ್ನೇ ಬಿಚ್ಚಿ ತೋಳನ್ನು ಎದೆಗೆ ಕಟ್ಟಿದ. "ಕಲ್ಲು ಎದಿಗೆ ಬಂದಾಗ ಕಣ್ಣು ಕಲ್ಲಿನ ಮ್ಯಾಲ ಇರಬೇಕ್ರಿ. ನೀವು ಮಂದಿ ಮಾರಿ ನೋಡಿದ್ರಿ" ಎಂದ. ಇಪ್ಪತ್ತೊಂದು ದಿನ ಆ ಕೈಯನ್ನು ಮೇಲೆ ಎತ್ತಬಾರದು, ಭಾರ ಹಿಡಿಯಬಾರದು ಎಂದೂ ಹೇಳಿದ. ನಾನು ಮೊದಲು ಕೇಳಿದ್ದು ಮದ್ದನ್ನಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಇದನ್ನು ಹೇಳಬೇಡ ಎಂದು ಅವನಿಂದ ಹನುಮಪ್ಪನ ಎದುರಿಗೆ ಮಾತು ತೆಗೆದುಕೊಂಡೆ. ಬೀಸುವ ಕಲ್ಲಿನ ಸಂಗತಿ ತಲೆಯಲ್ಲಿತ್ತಲ್ಲ!

ಮಧ್ಯಾಹ್ನವೆಲ್ಲ ಗರಡಿಯಲ್ಲೇ ಬಿದ್ದಿದ್ದು, ಸಂಜೆ ಅಲ್ಲಿಂದಲೇ ಬಸ್ ಸ್ಟ್ಯಾಂಡಿಗೆ ಹೋಗುವಾಗ ರುಮಾಲಿನ ಕಟ್ಟು ಬಿಚ್ಚಿ ಜೇಬಿನಲ್ಲಿಟ್ಟೆ, ಮೇಲೆ ಕೋಟು ಹಾಕಿಕೊಂಡೆ. ಕೋಟು ಹಾಕಿಕೊಳ್ಳಲು ಕಾಲು ಗಂಟೆ ಹಿಡಿಯಿತು. ಆಗ ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ಏರು ಬಂದರೆ ಜನ ಇಳಿದು ನೂಕಬೇಕು. ಬಳ್ಳಾರಿ ಕಡೆಯ ಬಸ್ಸು ಹೊಗೆ ಕಾರುತ್ತ ಬಂದು ನಿಂತಿತು. ಅತ್ತೆ ಗಂಟಿನ ಸಮೇತ ಬಾಗಿಲಲ್ಲಿ ಕಂಡರು.

ಆ ಗಂಟಿನ ಬಗ್ಗೆ ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಕಡೆ ತಾಯಿಯಾದವಳು ಮಗಳ ಮನೆಗೆ ಬರಿಗೈಯಲ್ಲಿ ಬರುವುದಿಲ್ಲ. ಅತ್ತೆಗೆ ಗಂಡುಮಕ್ಕಳಿರಲಿಲ್ಲ, ಗಂಡನೂ ಇರಲಿಲ್ಲ. ನಾಲ್ಕು ಆಡು, ಒಂದು ತುಂಡು ಹೊಲ, ಒಬ್ಬಳೇ ಮಗಳು. ಆ ಹೊಲದಲ್ಲಿ ಬೆಳೆದದ್ದೆಲ್ಲ ಒಂದು ಹಳೆಯ ಸೀರೆಯ ಗಂಟಿನಲ್ಲಿ ನಮ್ಮ ಮನೆಗೆ ಬರುತ್ತಿತ್ತು: ಒಣಗಿಸಿದ ಕಟಿ ಸಜ್ಜೆರೊಟ್ಟಿ, ಶೇಂಗಾ, ಅಲಸಂದಿ, ಗುರೆಳ್ಳು ಪುಡಿ, ಒಂದು ಕುಂಬಳಕಾಯಿ. ಅದನ್ನು ಬಿಚ್ಚುವಾಗ ನಾಗಮ್ಮ ಚಿಕ್ಕ ಹುಡುಗಿಯಾಗುತ್ತಿದ್ದಳು. ಅತ್ತೆ ಬಾಗಿಲ ಮರೆಯಲ್ಲಿ ನಿಂತು, ನಾನು ರೊಟ್ಟಿ ಮುರಿಯುವುದನ್ನು ನೋಡುತ್ತಿದ್ದರು. ಅಳಿಯನ ಎದುರು ತಲೆಯ ಮೇಲಿನ ಸೆರಗು ಜಾರಗೊಡದ ಹೆಂಗಸು. ನನ್ನೊಡನೆ ಆಡಬೇಕಾದ ಮಾತನ್ನೂ ಮಗಳ ಕಡೆ ತಿರುಗಿ ಆಡುವವರು.

ಗಂಟು ಇಳಿಸಿಕೊಳ್ಳುವುದು ಅಳಿಯನ ಕೆಲಸ. ಎಡಗೈ ಚಾಚಿದೆ. ಗಂಟು ಜಾರಿತು. ಅಭ್ಯಾಸಬಲದಿಂದ ಬಲಗೈ ಮೇಲೆ ಹೋಯಿತು. "ಅಯ್ಯಯ್ಯಪ್ಪೋ!" ಎಂದು ನಾನು ಅಲ್ಲೇ ಕುಕ್ಕರಿಸಿದೆ. ಕುಂಬಳಕಾಯಿ ಉರುಳಿಕೊಂಡು ಬಸ್ಸಿನ ಕೆಳಗೆ ಹೋಯಿತು.

"ಅಯ್ಯ ಶಿವನ! ಏನಾತ್ರೀ ಅಳಿಯಾರ? ನನ್ನ ಗಂಟು ವಜ್ಜಿ ಆತೇನ್ರಿ? ಸುಡ್ಲಿ ಇದನ್ನ, ಎದಕ ಇಷ್ಟು ತುಂಬಿಕೊಂಡು ಬಂದ್ನೋ ನಾನು!" ಎಂದು ಅತ್ತೆ ಸೆರಗು ಮರೆತು ನನ್ನ ಪಕ್ಕದಲ್ಲಿ ಕೂತುಬಿಟ್ಟರು. ಮೊದಲ ಸಲ ಅವರ ಮಾತು ನೇರವಾಗಿ ನನಗೇ ಬಂದಿತ್ತು.

ನಾನು ಸುಳ್ಳು ಹೇಳಲಿಲ್ಲ. ಇದನ್ನು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಕಣ್ಣು ಮುಚ್ಚಿಕೊಂಡು ನರಳಿದೆ. ನರಳಾಟ ಬೆಳಿಗ್ಗೆಯಷ್ಟೇ ಅಭ್ಯಾಸವಾಗಿತ್ತು.

ಮೂರು ದಿನಕ್ಕೆಂದು ಬಂದ ಅತ್ತೆ ಮೂರು ವಾರ ನಿಂತರು. ಆಡುಗಳನ್ನು ನೋಡಿಕೊಳ್ಳೆಂದು ಊರಿನಲ್ಲಿದ್ದ ತಮ್ಮನಾದ ಈರಣ್ಣನಿಗೆ ಬಸ್ಸಿನವನ ಕೈಯಲ್ಲಿ ಹೇಳಿ ಕಳಿಸಿದರು. ಬಂದ ಸಂಜೆಯೇ ಬೀಸುವ ಕಲ್ಲನ್ನು ಒಬ್ಬರೇ ತಳ್ಳಿ ಒಳಗೆ ಸರಿಸಿದರು. ಅಳಿಯ ಗೊತ್ತಿಲ್ಲದೆ ಕೈ ಹಾಕಿಯಾನೆಂಬ ಭಯ. ಮರುದಿನದಿಂದ ಮದ್ದು ಶುರುವಾಯಿತು. ಬೆಳಿಗ್ಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಔಡಲ ಎಣ್ಣೆ. ಮಧ್ಯಾಹ್ನ ಲಕ್ಕಿ ಸೊಪ್ಪನ್ನು ಹಂಚಿನ ಮೇಲೆ ಬಾಡಿಸಿ ಬಟ್ಟೆಯಲ್ಲಿ ಕಟ್ಟಿ ಶಾಖ. ಸಂಜೆ ಹುರಿದ ಉಪ್ಪಿನ ಶಾಖ. ಮೊದಲು ನಾಗಮ್ಮ ತಿಕ್ಕುತ್ತಿದ್ದಳು. "ನಿನ್ನ ಕೈಯಾಗ ಕಸುವಿಲ್ಲ, ಸರಿ ಅತ್ತಾಗ" ಎಂದು ಎರಡನೆಯ ದಿನ ಅತ್ತೆಯೇ ಕೂತರು. ಅಳಿಯನ ಮೈ ಮುಟ್ಟುವುದೆಂದರೇನು! ಮುಖವನ್ನು ಗೋಡೆಯ ಕಡೆ ತಿರುಗಿಸಿ, ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಣ್ಣು ಕಾಣದವರಂತೆ ತಡವಿ ಹೆಗಲು ಹುಡುಕಿ ತಿಕ್ಕುತ್ತಿದ್ದರು. ಒಂದೆರಡು ಸಲ ಎಣ್ಣೆ ಕಿವಿಗೂ ಹೋಯಿತು. ಕಳೆ ಕಿತ್ತು ಕಿತ್ತು ಒರಟಾದ ಕೈ. ಆ ಕೈ ಹೆಗಲ ಮೇಲೆ ಆಡುವಾಗ ನೋವು ಇಳಿಯುತ್ತಿತ್ತು, ನಾಚಿಕೆ ಏರುತ್ತಿತ್ತು. ದಿನವೂ ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ.

ಹತ್ತನೆಯ ದಿನ ಹುಸೇನಪ್ಪ ತೋಳು ನೋಡಲು ಬಂದ. ನಾಗಮ್ಮ ಇಬ್ಬರಿಗೂ ಚಹಾ ಕೊಟ್ಟಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟರು: "ಅಪ್ಪಾ, ನೀ ಬಲ್ಲಾಂವ. ಇಂಥಾ ಗಟ್ಟಿ ಗಂಡಸಿನ ಹೆಗಲು ನನ್ನ ಒಂದು ಗಂಟಿಗೆ ಹೋತಲ್ಲಪಾ?"

ಹುಸೇನಪ್ಪ ನನ್ನನ್ನು ನೋಡಿದ. ನಾನು ಚಹಾದ ಬಟ್ಟಲನ್ನು ಮುಖಕ್ಕೆ ಅಡ್ಡ ಹಿಡಿದೆ. "ಗಂಟಿಂದಲ್ಲ ಬಿಡಮ್ಮಾ. ಅದು ಮೊದಲ ಸಡ್ಲ ಇದ್ದಿರಬೇಕು" ಎಂದ ಅವನು. ಅಷ್ಟು ಹೇಳಿ ಮತ್ತೆ ನನ್ನನ್ನು ನೋಡಿ ಕಾದ. ಬಾಗಿಲು ಅರ್ಧ ತೆರೆದು ಕೊಟ್ಟಿದ್ದ, ನಾನು ಹೊರಗೆ ಕಾಲಿಡಬೇಕಿತ್ತು ಅಷ್ಟೆ. ಬಟ್ಟಲಿನಲ್ಲಿ ಚಹಾ ಮುಗಿದು ಎಷ್ಟೋ ಹೊತ್ತಾಗಿತ್ತು, ನಾನು ಕುಡಿಯುತ್ತಲೇ ಇದ್ದೆ. ಹೊಸ್ತಿಲಾಚೆ ಚಪ್ಪಲಿ ಮೆಟ್ಟುತ್ತ ಅವನು ಮೆಲ್ಲಗೆ, "ನಾ ಹನುಮಪ್ಪನ ಮುಂದ ಮಾತು ಕೊಟ್ಟೀನಿ, ಅದಕ್ಕ ಸುಮ್ಮನದೀನಿ. ನೀವು ಯಾರಿಗೂ ಮಾತು ಕೊಟ್ಟಿಲ್ಲಲ್ರಿ" ಎಂದು ಹೋದ.

ಇಪ್ಪತ್ತೊಂದು ದಿನಕ್ಕೆ ಕೈ ಮೇಲೆದ್ದಿತು. ಎರಡು ತಿಂಗಳಿಗೆ ತುಂಬಿದ ಕೊಡ ಎತ್ತುವಂತಾದೆ. ಅತ್ತೆಯ ಎಣ್ಣೆಯೋ, ಹುಸೇನಪ್ಪನ ಹಿಮ್ಮಡಿಯೋ, ಹೆಗಲು ಮೊದಲಿಗಿಂತ ಚೆನ್ನಾಯಿತು. ಅತ್ತೆ ಮುಂದಿನ ಸಲ ಬಂದಾಗ ಬಸ್ಸಿನ ಬಾಗಿಲಲ್ಲಿ ಗಂಟು ಕಾಣಲಿಲ್ಲ. ಸೆರಗಿನ ತುದಿಯಲ್ಲಿ ಒಂದು ಹಿಡಿ ಶೇಂಗಾ ಕಟ್ಟಿಕೊಂಡು ಬಂದಿದ್ದರು. ಅದನ್ನೂ ನನ್ನ ಕಣ್ಣಿಗೆ ಬೀಳದ ಹಾಗೆ ಮಗಳ ಕೈಗೆ ಹಾಕಿದರು. ಊಟಕ್ಕೆ ಕೂತಾಗ ಒಂದೇ ರೊಟ್ಟಿಗೆ ಕೈ ತೊಳೆದರು. ಏನೂ ತರದೆ ಬಂದು ಉಣ್ಣುವ ಸಂಕೋಚ ಅವರಿಗೆ. ಮೂರು ದಿನವಿರುವವರು ಒಂದೇ ದಿನಕ್ಕೆ ಹೊರಟರು. ಅದರ ಮುಂದಿನ ಸಲ ಬರಲೇ ಇಲ್ಲ. ನಾಗಮ್ಮ ಹೇಳಿ ಕಳಿಸಿದರೆ, "ಬರಿಗೈಲೆ ಹೆಂಗ ಬರ್ಲಿ? ತಂದ್ರ ಅಳಿಯಾರು ಎತ್ತಾಕ ಬರ್ತಾರ" ಎಂದು ಉತ್ತರ ಬಂತು. ನಾಗಮ್ಮ ಒಲೆಯ ಮುಂದೆ ಕೂತು ಅತ್ತಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಬುರುಸು ತೊಳೆದೆ. ಅವತ್ತು ಆ ಬುರುಸು ಎಷ್ಟು ಸ್ವಚ್ಛವಾಯಿತೆಂದರೆ ಅಂಗಡಿಯಲ್ಲಿಟ್ಟು ಮತ್ತೆ ಮಾರಬಹುದಿತ್ತು.

ನಾನೇ ಹಾಲಹರವಿಗೆ ಹೋಗಿ ಹೇಳಬೇಕೆಂದು ಎರಡು ಸಲ ಹೊರಟೆ. ಒಂದು ಸಲ ಬಸ್ಸು ಬರಲಿಲ್ಲ. ಇನ್ನೊಂದು ಸಲ ಬಂತು, ನಾನು ಹತ್ತಲಿಲ್ಲ. ಕೀಲು ತಪ್ಪಿದ್ದನ್ನು ಕೂಡಿಸಲು ಉಸ್ತಾದರಿದ್ದಾರೆ. ಇದಕ್ಕೆ ನಾನೇ ಉಸ್ತಾದನಾಗಬೇಕಿತ್ತು, ಆಗಲಿಲ್ಲ.

ಹೋದ ಮಳೆಗಾಲದ ಕೊನೆಯಲ್ಲಿ ಅತ್ತೆ ಜ್ವರದಲ್ಲಿ ತೀರಿಕೊಂಡರು. ಸುದ್ದಿ ಬಂದು ನಾವು ಮುಟ್ಟುವ ಹೊತ್ತಿಗೆ ಚಟ್ಟ ಸಿದ್ಧವಾಗಿತ್ತು. ಗಂಡುಮಕ್ಕಳಿಲ್ಲದವರಿಗೆ ಅಳಿಯ ಹೆಗಲು ಕೊಡುವುದು ಅವರ ಮನೆತನದ ಪದ್ಧತಿ. ನಾನು ಕೋಟು ಬಿಚ್ಚಿ, ಬಲಗಡೆಯ ಮುಂದಿನ ಬಿದಿರಿಗೆ ಹೋಗಿ ನಿಂತೆ. ಇದೊಂದನ್ನಾದರೂ ಸರಿಯಾಗಿ ಹೊರುತ್ತೇನೆ ಎಂದುಕೊಂಡೆ. ಈರಣ್ಣ ಮಾವ ಬಂದು ನನ್ನ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ನೀವು ಬ್ಯಾಡ್ರಿ ಅಳಿಯಾರ. ಅಕ್ಕ ಹೇಳಿ ಹೋಗ್ಯಾಳ. ಒಮ್ಮಿ ನನ್ನ ಗಂಟಿಂದ ಅವರ ಹೆಗಲು ಕೆಟ್ಟೈತಿ, ನನ್ನ ಹೊರಾಕ ಅವರಿಗೆ ಹಚ್ಚಬ್ಯಾಡ್ರಿ ಅಂದಾಳ."

ಮಾವಾ, ಅದು ಗಂಟಿನಿಂದಲ್ಲ ಎನ್ನಲು ಬಾಯಿ ತೆರೆದೆ. ಸುತ್ತ ಜನ ನಿಂತಿದ್ದರು. ನಾನು ಮತ್ತೆ ಮಂದಿಯ ಮುಖ ನೋಡಿದೆ. ಬಾಯಿ ಮುಚ್ಚಿತು. ಹಗುರಾದ ಕೆಲಸವೆಂದು ನನ್ನ ಕೈಗೆ ಮಂಡಕ್ಕಿಯ ಬುಟ್ಟಿ ಕೊಟ್ಟರು. ಊರ ಹೊರಗಿನ ತನಕ ಚಟ್ಟದ ಮುಂದೆ ಮಂಡಕ್ಕಿ ಎರಚುತ್ತ ನಡೆದೆ. ಅವರ ಎಣ್ಣೆ ಕುಡಿದ ನನ್ನ ಬಲ ಹೆಗಲು ಚೂರೂ ನೋಯಲಿಲ್ಲ. ನೋಯಬಾರದೇ ಎಂದು ಬೇಡಿಕೊಂಡೆ, ಆದರೂ ನೋಯಲಿಲ್ಲ.

ಈಗಲೂ ನಾನು ಒಂದು ಕೊಡ ಎತ್ತಿದರೆ ನಾಗಮ್ಮ ಓಡಿ ಬಂದು, "ಬಿಡ್ರಿ, ಅವ್ವ ಬೈತಾಳ" ಎಂದು ಕಸಿದುಕೊಳ್ಳುತ್ತಾಳೆ. ಅವಳಿಗೆ ಹೇಳುವ ಧೈರ್ಯವಿಲ್ಲದೆ ಇದನ್ನೆಲ್ಲ ಬರೆದಿದ್ದೇನೆ. ಅವಳಿಗೆ ಓದಲು ಬರುವುದಿಲ್ಲ. ಆದರೆ ಆಗ ತೊಟ್ಟಿಲಲ್ಲಿದ್ದ ನಮ್ಮ ಮಗಳು ಈ ವರ್ಷ ಎರಡನೆಯ ಇಯತ್ತೆ. ಶೇಂಗಾ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ತಾಯಿಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಬರೆದು ಮುಗಿಸಿ ಈ ಹಾಳೆಗಳನ್ನು ಒಂದು ಗಳಿಗೆ ಅವಳ ಪಾಟಿಯ ಪಕ್ಕದಲ್ಲಿಟ್ಟೆ. ಆಮೇಲೆ ತೆಗೆದು ಗೋಡೆಯ ಎಲ್ಲಕ್ಕಿಂತ ಮೇಲಿನ ಗೂಡಿನಲ್ಲಿಟ್ಟಿದ್ದೇನೆ. ನಮ್ಮ ಮನೆಯಲ್ಲಿ ಅಲ್ಲಿಗೆ ಎಟುಕುವುದು ನನ್ನ ಬಲಗೈ ಒಂದೇ.