ತಾಯ್ಮಾಮನ ಇಪ್ಪತ್ತೊಂದನೆಯ ತಟ್ಟೆ

ವೇಲು: ಇಲ್ಲ ಅಂದ್ರೆ ಇಲ್ಲ ಸರಸು. ಇವತ್ತು ಆ ಟೀವಿ ಚಂದಾನ ನಿಲ್ಸೋದೇ. ನೂರೈವತ್ತು ಇದ್ದಿದ್ದು ಮುನ್ನೂರಾಯ್ತು. ಮುನ್ನೂರು ಇದ್ದಿದ್ದು ಈ ತಿಂಗ್ಳಿಂದ ಐನೂರಂತೆ. ಸುಮ್ಮಾ ಮನೇಲಿ ಕುಂತು ಬೊಂಬೆ ನೋಡೋಕೆ ಐನೂರು.

ಸರಸು: ಸರಿ, ನಿಲ್ಸಿ.

ಕೊಂಬೈಯಲ್ಲಿ ಇಪ್ಪತ್ತು ವರ್ಷ ತೆಂಗಿನಕಾಯಿ ವ್ಯಾಪಾರ ಮಾಡಿದ ವೇಲುವಿಗೆ ಒಂದು ಅನುಭವವಿತ್ತು. ತಾನು ಕೇಳಿದ ಮೊದಲ ದರಕ್ಕೇ ತೋಟದವರು ಒಪ್ಪಿದರೆ ಕಾಯಿ ಕೆಟ್ಟಿದೆ ಎಂದೇ ಅರ್ಥ. ಬೆಳಗಿನಿಂದ ಜಗಳಕ್ಕೆಂದು ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಬಾಯಲ್ಲೇ ಉಳಿದು ಅವನಿಗೆ ಕಸಿವಿಸಿಯಾಯಿತು. ಹೆಂಡತಿ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

ವೇಲು: ನಿಲ್ಸಿ ಅಂದ್ರೆ?

ಸರಸು: ನಿಲ್ಸಿ ಅಂದ್ರೆ ನಿಲ್ಸಿ. ಅದಕ್ಕೆ ಬೇರೆ ಅರ್ಥ ಉಂಟಾ?

ವೇಲು: ನಿನ್ನ ಸೀರಿಯಲ್ಲು? ಆ ಕೊರಿಯಾದ ಹುಡ್ಗಿ, ತಲೆಗೆ ಏಟು ಬಿದ್ದು ಗಂಡನ್ನ ಮರ್ತೋದವ್ಳು?

ಸರಸು: ಹದಿನಾಲ್ಕು ಕಂತು ಆಯ್ತು. ಎರಡು ಬಾಕಿ. ನೆನಪು ಬಂದ್ರೂ ಆ ಗಂಡ ಅಂಥಾ ದೊಡ್ಡ ಲಾಭ ಏನಲ್ಲ. ನಿಲ್ಸಿ.

ವೇಲು: ನೋಡು, ನಾ ಕಂಜೂಸಿ ಅಲ್ಲ. ದರ ಏರ್ಸೋ ಮುಂಚೆ ಒಂದು ಮಾತು ಕೇಳ್ಬೇಕಲ್ಲ? ಸಂತೇಲಿ ಎತ್ತು ಮಾರೋನೂ ಟವಲ್ ಅಡಿ ಬೆರಳು ಇಡ್ದು ದರ ಮಾತಾಡ್ತಾನೆ. ಇವರು ಮೆಸೇಜ್ ಕಳ್ಸಿ ಕೆಳಗೆ 'ನಿಮಗೆ ಸಂತೋಷ ತರುವುದೇ ನಮ್ಮ ಗುರಿ' ಅಂತ ಬರೀತಾರೆ.

ಸರಸು: ಆಮಾ, ಹೌದು, ತಪ್ಪು ತಾನೆ. ಕಂಪನಿಗೆ ಬೇಡ ಅನ್ನೋದು ಸುಲಭ. ಅತ್ತಿಗೆಗೆ, ನಿಮ್ಮಕ್ಕಂಗೆ, ಯಾರು ಏಳ್ತಾರೆ?

ವೇಲುವಿನ ಬೆರಳು ಫೋನಿನ ಮೇಲೆ ಹಾಗೆಯೇ ನಿಂತಿತು.

ಇದರ ಹಿಂದೆ ಒಂದು ಮದುವೆಯಿದೆ. ವೇಲುವಿನ ಅಕ್ಕ ತೇನ್‌ಮೊಳಿಯನ್ನು ಕೊಟ್ಟದ್ದು ದಿಂಡಿಗಲ್ಲಿನ ಬೀಗದಂಗಡಿಯ ಶಿವಬಾಲನ್‌ಗೆ. ಅವರ ಮಗಳು ಅಭಿರಾಮಿಗೆ ಮೂರು ವರ್ಷದ ಹಿಂದೆ ಮಾರ್ಕಯನ್‌ಕೋಟ್ಟೈಯ ಬಾಳೆ ಬೆಳೆಗಾರರ ಮನೆಗೆ ಕೊಟ್ಟು ಮದುವೆಯಾಯಿತು. ಈ ಕಡೆಯ ಕನ್ನಡದ ಮನೆಗಳಲ್ಲಿ ತಾಯ್ಮಾಮ, ಅಂದರೆ ಸೋದರಮಾವ, ಸೀರು ಎಂಬ ಉಡುಗೊರೆ ತರದೆ ಹೆಣ್ಣು ಹಸೆಗೆ ಬರುವಂತಿಲ್ಲ. ಸೀರೆ, ಬೆಳ್ಳಿ ಬಟ್ಟಲು, ಹಣ್ಣು, ಬೆಲ್ಲ ಎಲ್ಲವನ್ನೂ ತಟ್ಟೆಗಳಲ್ಲಿ ಹೊತ್ತು, ಮೇಳದೊಂದಿಗೆ ಬೀದಿಯಲ್ಲಿ ಬರಬೇಕು. ತಟ್ಟೆಗಳು ಬೆಸ ಲೆಕ್ಕದಲ್ಲೇ ಇರಬೇಕು. ಮಂಟಪದ ಬಾಗಿಲಲ್ಲಿ ಗಂಡಿನ ಕಡೆಯ ಓಚ್ಚಮ್ಮಾಳ್ ಎಂಬ ಮುದುಕಿ ಬೆರಳು ಮಡಚಿ ಎಣಿಸಿ, ಇಪ್ಪತ್ತೇ ತಾನೆ ಇರೋದು ಎಂದುಬಿಟ್ಟಳು.

ವೇಲುವಿಗೆ ರೋಷ ಬಂದರೆ ಬುದ್ಧಿ ಊರುಬಿಟ್ಟು ಹೋಗುತ್ತದೆ. ಅದೇ ವಾರ ಮನೆಯ ಟೀವಿಗೆ ಹಾಕಿಸಿದ್ದ ಸಿನಿಮಾ ಚಂದಾದ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದ. ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ. ವೀಳ್ಯದೆಲೆಯ ಮೇಲಿಟ್ಟು ಇಪ್ಪತ್ತೊಂದನೆಯ ತಟ್ಟೆ ಮಾಡಿದ. ಸೀರಿನ ಪಟ್ಟಿಯನ್ನು ಮೈಕಿನಲ್ಲಿ ಓದುವವನು ಶ್ರದ್ಧೆಯಿಂದ ಪಾಸ್‌ವರ್ಡನ್ನೂ ಓದಿದ. ಮೇಳದ ಸದ್ದಿಗೆ ಸರಿಯಾಗಿ ಕೇಳಿಸಿರಲಾರದೆಂದು ಇನ್ನೊಮ್ಮೆ ಓದಿದ. ಅರಿಸಿನ ಹಚ್ಚಿ ಕೊಟ್ಟದ್ದನ್ನು ಬದಲಾಯಿಸುವುದು ಶುಭವಲ್ಲವೆಂದು ವೇಲು ಅದನ್ನು ಇವತ್ತಿಗೂ ಮುಟ್ಟಿಲ್ಲ.

ವೇಲು: ಸೀರಲ್ಲಿ ಒಂದು ಹಸು ಕೊಟ್ರೆ ಅದರ ಆಯಸ್ಸೆಲ್ಲ ಉಲ್ಲು ನಾವೇ ಆಕ್ತೀವಾ?

ಸರಸು: ಹಸು ಕೊಡೋವಾಗ ಯಾರೂ 'ಬಾಳಿನ ಉದ್ದಕ್ಕೂ' ಅನ್ನಲ್ಲ. ನೀವು ಅಂದ್ರಿ.

ವೇಲು: ನಾ ಎಲ್ಲಿ ಅಂದೆ? ಮೈಕಿನೋನು ಅಂದ.

ಸರಸು: ಮೈಕಿನೋನ ಕೈಯಿಂದ ಮೈಕು ಕಿತ್ಕೊಂಡಿದ್ದು ಯಾರು?

ವೇಲು: ಆ ಮುದುಕಿ ಎಣಿಸ್ಬಾರ್ದಿತ್ತು. ಅಲ್ಲ ಸರಸು, ಕಾಸು ನಂದು. ಸಾಯಂಕಾಲ ಟೀವಿ ಆಕಿದ್ರೆ 'ಈಗಾಗಲೇ ಇಬ್ಬರು ನೋಡುತ್ತಿದ್ದಾರೆ, ದಯವಿಟ್ಟು ಕಾಯಿರಿ' ಅಂತ ಬತ್ತದೆ. ನನ್ನ ಮನೇಲಿ ನನ್ನ ಸರದಿಗೆ ನಾ ಕಾಯ್ಬೇಕಾ?

ಸರಸು: ಅದಕ್ಕೇ ಏಳ್ತೀನಿ, ನಿಲ್ಸಿ. ಅತ್ತಿಗೆ ಅನ್ನೊಂದು ಗಂಟೆ ಬಸ್ಸಿಗೆ ಬತ್ತಾರಂತೆ. ಮುಖ ನೋಡಿ ಏಳ್ಬಿಡಿ.

ವೇಲು: ಇವತ್ತಾ? ಯಾಕೆ ಬತ್ತಾಳೆ?

ಸರಸು: ನಂಗೆಂಗೆ ಗೊತ್ತು. ನಿಮ್ಮಕ್ಕ ತಾನೆ.

ವೇಲುವಿಗೆ ನಿಜವಾಗಿಯೂ ಭಯವಾಯಿತು. ಕೊಟ್ಟ ಸೀರನ್ನು ಹಿಂದಕ್ಕೆ ತೆಗೆದುಕೊಂಡ ತಾಯ್ಮಾಮ ಎಂಬ ಹೆಸರು ಬಂದರೆ ಕಂಬಂನಿಂದ ದಿಂಡಿಗಲ್‌ವರೆಗೆ ಯಾವ ಮದುವೆಮನೆಯಲ್ಲಿ ಎಲೆ ಮುಂದೆ ಕೂರುವುದು? ಅಂಗಳದಲ್ಲಿ ಶತಪಥ ತಿರುಗುತ್ತ, ಅಕ್ಕನಿಗೆ ಹೇಳಬೇಕಾದ್ದನ್ನು ತುಟಿಯಲ್ಲೇ ಮಣಮಣ ಅಂದುಕೊಂಡ. ಅಷ್ಟರಲ್ಲಿ ಕೈಚೀಲದೊಂದಿಗೆ ತೇನ್‌ಮೊಳಿ ಒಳಗೆ ಬಂದಳು. ಜಗಲಿಯ ಮೇಲೆ ಕೂತು, ಸೆರಗಿನಿಂದ ಕತ್ತು ಒರೆಸಿಕೊಂಡು, ನೀರನ್ನೂ ಕೇಳದೆ ಶುರುಮಾಡಿದಳು.

ತೇನ್‌ಮೊಳಿ: ತಂಬಿ, ನಿನ್ನ ತಾವ ಒಂದು ಮಾತು ಏಳ್ಬೇಕು. ಕ್ವಾಪ ಮಾಡ್ಕೋಬಾರ್ದು.

ವೇಲು: ನಾನೂ ಒಂದು ಏಳ್ಬೇಕು ಅಕ್ಕಾ. ನೀನೇ ಮೊದಲು ಏಳು.

ತೇನ್‌ಮೊಳಿ: ಆ ಟೀವಿ ಚಂದಾ ನಿಲ್ಸಿಬಿಡು.

ವೇಲು: ಏನಂದೆ?

ತೇನ್‌ಮೊಳಿ: ಅಭಿರಾಮಿಗೆ ನೀ ಕೊಟ್ಟೆಯಲ್ಲ, ಅದು. ಬೇಡ. ಅವಳ ಗಂಡ, ನಮ್ಮ ಮಾಪ್ಳೆ, ಮೋಟರ್ ಆಕ್ಬಿಟ್ಟು ಪಂಪು ಮನೇಲಿ ಫೋನು ಇಡ್ಕೊಂಡು ಕುಂತ್ಕೊಂತಾರೆ. ನೀರೆಲ್ಲ ಪಕ್ಕದ ತೋಟಕ್ಕೆ ಓಗ್ತದೆ. ಅವರ ಬಾಳೆ ಗೊನೆ ಬಿಟ್ಟೈತೆ, ನಮ್ಮ ಬಾಳೆ ಬಾಡೈತೆ. ಸಂಬಂಧಿಕರೆಲ್ಲ, ತಾಯ್ಮಾಮನ ಸೀರಿಂದ ತೋಟ ಒಣಗ್ತು ಅಂತಾರೆ.

ಬೇಡ ಎನ್ನಲು ಬೆಳಗಿನಿಂದ ತಯಾರಾಗಿದ್ದವನಿಗೆ ಎದುರಿನವರೇ ಬೇಡ ಎಂದರೆ ಸಮಾಧಾನವಾಗಬೇಕಿತ್ತು. ವೇಲುವಿಗೆ ಕಿವಿ ಕೆಂಪಾಯಿತು.

ವೇಲು: ಯಾರು ಅಂತಾರೆ? ಓಚ್ಚಮ್ಮಾಳಾ?

ತೇನ್‌ಮೊಳಿ: ಅವರೂ ಅಂದ್ರು. ಪಾವಂ, ವೇಲುಗೂ ಐನೂರು ಜಾಸ್ತಿ ತಾನೆ, ಇಪ್ಪತ್ತು ತಟ್ಟೆ ಸಾಕಿತ್ತು ಅಂದ್ರು.

ವೇಲು: ನಂಗೆ ಜಾಸ್ತಿಯಾ? ಅಕ್ಕಾ, ತಾಯ್ಮಾಮ ಕೊಟ್ಟ ಸೀರನ್ನ ವಾಪಸ್ ಅನ್ನೋಕೆ ನಿಂಗೆ ಬಾಯಿ ಎಂಗೆ ಬಂತು? ನೀರು ಪಕ್ಕದ ತೋಟಕ್ಕೆ ಓದ್ರೆ ಬದುವು ಕಟ್ಟೋಕೆ ಏಳು. ಸರಸು, ಆ ಕಂಪನೀಲಿ ಎಲ್ಲಕ್ಕಿಂತ ದೊಡ್ಡದು ಯಾವುದು?

ಸರಸು: ನಾಲ್ಕು ಜನ ಒಂದೇ ವೇಳೆ ನೋಡೋದು. ಒಂದು ವರ್ಷಕ್ಕೆ ಕಟ್ಬೇಕು. ಬೇಡಿ, ಬಾಳಾ ಆಗ್ತದೆ.

ವೇಲು: ಬಾಳಾ ಆದ್ರೆ ಆಗ್ಲಿ. ತಗೊಂಡು ಬಾ ನಿನ್ನ ಫೋನು.

ಸರಸು ಮೊರದ ಅಡಿಯಿಂದ ತನ್ನ ಫೋನು ತೆಗೆದುಕೊಟ್ಟಳು. ನಾಲ್ವರ ಯೋಜನೆಯ ಪುಟ ಆಗಲೇ ತೆರೆದಿತ್ತು. ರೋಷದಲ್ಲಿದ್ದ ವೇಲು ಅದನ್ನು ಗಮನಿಸಲಿಲ್ಲ. ಬ್ಯಾಂಕಿನಿಂದ ಓಟಿಪಿ ಸಂಖ್ಯೆ ಬಂತು, ಒತ್ತಿದ, ಹಣ ಹೋಯಿತು. ತೇನ್‌ಮೊಳಿ ಏನೋ ಗೊಣಗುತ್ತ ಅವರೆಕಾಳಿನ ಮೊರ ಎತ್ತಿಕೊಂಡು ಸರಸುವಿನ ಹಿಂದೆ ಅಡಿಗೆಮನೆಗೆ ಹೋದಳು.

ಗೆದ್ದ ಸಂತೋಷಕ್ಕೆ ಒಂದು ಲೋಟ ಕಾಫಿ ಕೇಳೋಣವೆಂದು ವೇಲು ಅಡಿಗೆಮನೆಯ ಬಾಗಿಲಿಗೆ ಬಂದ. ಒಳಗೆ ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

ತೇನ್‌ಮೊಳಿ: ಬೆಳಿಗ್ಗೆ ಫೋನಲ್ಲಿ ನೀ ಏಳ್ಕೊಟ್ಟಂಗೇ ಏಳ್ದೆ ಅಲ್ವಾ ಸರಸು?

ಸರಸು: ಅಂಗೇ ಏಳಿದ್ರಿ ಅತ್ತಿಗೆ. ಆದ್ರೆ ಮೋಟರ್ ಕತೆ ನಾ ಏಳಿರ್ಲಿಲ್ಲ.

ತೇನ್‌ಮೊಳಿ: ಅದು ನಾನೇ ಬಸ್ಸಲ್ಲಿ ಕುಂತು ಕಟ್ಟಿದ್ದು. ಪಾವಂ ಮಾಪ್ಳೆ, ತೋಟಕ್ಕೆ ಫೋನೇ ತಗೊಂಡು ಓಗಲ್ಲ.

ಸರಸು: ಮುಂದಿನ ವರ್ಷ ಇನ್ನೂ ಏರ್ಸಿದ್ರೆ?

ತೇನ್‌ಮೊಳಿ: ಆಗ ನಮ್ಮನೆಯವ್ರು ಬಂದು ಬೇಡ ಅಂತಾರೆ. ಅವ್ರು ಅಂದ್ರೆ ತಂಬಿ ಎರಡು ವರ್ಷಕ್ಕೆ ಕಟ್ತಾನೆ.

ವೇಲುವಿಗೆ ಮೈಯೆಲ್ಲ ಉರಿಯಿತು. ಒಳಗೆ ನುಗ್ಗಿ ಕೂಗಾಡಬಹುದಿತ್ತು. ಆದರೆ ಮೋಸಹೋದೆ ಎಂದು ಒಪ್ಪಿಕೊಳ್ಳದೆ ಕೂಗಾಡುವ ದಾರಿ ಅವನಿಗೆ ಹೊಳೆಯಲಿಲ್ಲ. ಹಿಂದಕ್ಕೆ ಬಂದು, ಟೀವಿಯ ಮುಂದೆ ಕೂತು, ಜೋರಾಗಿ ಕೆಮ್ಮಿದ.

ವೇಲು: ಸರಸು, ಆ ಕೊರಿಯಾದ ಹುಡ್ಗಿದು ಆಕು.

ಸರಸು: ಎರಡೇ ಕಂತು ಬಾಕಿ ಇರೋದು. ನಿಮಗೆ ಅರ್ಥ ಆಗಲ್ಲ.

ವೇಲು: ನಿಂಗೆ ಎರಡು ಬಾಕಿ. ಕಾಸು ಕಟ್ಟಿದೋನಿಗೆ ಹದಿನಾರೂ ಬಾಕಿ. ಮೊದಲಿಂದ ಆಕು.

ಅತ್ತಿಗೆ ನಾದಿನಿಯರಿಬ್ಬರೂ ಮುಖ ಮುಖ ನೋಡಿಕೊಂಡು ಬಂದು ಕೂತರು. ಸರಸು ರಿಮೋಟು ಒತ್ತಿದಳು. ಟೀವಿಯ ಮೇಲೆ ಕೆಂಪು ಬಳೆಯೊಂದು ಸುತ್ತಿ ಸುತ್ತಿ ನಿಂತು, ಅಕ್ಷರಗಳು ಬಂದವು. 'ಈಗಾಗಲೇ ನಾಲ್ವರು ನೋಡುತ್ತಿದ್ದಾರೆ. ದಯವಿಟ್ಟು ಕಾಯಿರಿ.'

ಸರಸು ರಿಮೋಟನ್ನು ಇನ್ನೊಮ್ಮೆ ಒತ್ತಿದಳು; ಅದೇ ಅಕ್ಷರಗಳು ಮತ್ತೆ ಬಂದವು. 

ವೇಲು: ದಿಂಡಿಗಲ್ಲಲ್ಲಿ ನಿಮ್ಮನೆಯವ್ರು ಒಬ್ರು, ಮಾರ್ಕಯನ್‌ಕೋಟ್ಟೈಲಿ ಅಭಿರಾಮಿ ಒಬ್ಳು. ಇನ್ನಿಬ್ರು ಯಾರು ಅಕ್ಕಾ?

ತೇನ್‌ಮೊಳಿ: ಪಾಸ್‌ವರ್ಡನ್ನ ಮೈಕಲ್ಲಿ ಎರಡು ಸಲ ಓದಿಸಿದ್ಯಲ್ಲ ತಂಬಿ.