ಮೊರದೊಳಗೆ ಬಗ್ಗಿದ ವರ

ಕಣ್ಣಿದ್ದವರಿಗೆಲ್ಲ ಎದುರಿಗಿರುವುದು ಕಾಣುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮನಸ್ಸು ಯಾವುದನ್ನು ನೆನಪಿಟ್ಟುಕೊಂಡು ಹುಡುಕುತ್ತದೋ ಕಣ್ಣು ಅದನ್ನಷ್ಟೇ ಹೆಕ್ಕುತ್ತದೆ. ಮೂರು ವಸ್ತು ಹುಡುಕೆಂದರೆ ಮೊದಲನೆಯದು ಸಿಕ್ಕ ಸಂತೋಷದಲ್ಲಿ ಉಳಿದೆರಡನ್ನು ಮರೆಯುತ್ತದೆ. ಹೈದರಾಬಾದಿನ ಕಾಲೇಜಿನ ಚರ್ಚಾಕೂಟದಲ್ಲಿ ಇದನ್ನು ಮಂಡಿಸಿ ಚಪ್ಪಾಳೆ ಗಿಟ್ಟಿಸಿದವನು ನಾನು. ಪುರಾವೆ ಸಿಕ್ಕಿದ್ದು ಮಾತ್ರ ಸರಸಂಬಾ ಎಂಬ ಹಳ್ಳಿಯಲ್ಲಿ, ಹೆಣ್ಣು ನೋಡಲು ಹೋದ ದಿನ.

ನಮ್ಮ ಮನೆತನದಲ್ಲಿ ಹುಡುಗಿಯ ದೃಷ್ಟಿ ಪರೀಕ್ಷಿಸುವ ಪದ್ಧತಿಯೊಂದಿದೆ. ಕಲ್ಲಿನ ಹರಳು, ಹುಳ ಹಿಡಿದ ಬೇಳೆ, ಸಿಪ್ಪೆ ಬಿಡದ ಕಾಳು ಮೂರನ್ನೂ ಕಲಸಿದ ತೊಗರಿಬೇಳೆಯನ್ನು ಸೋದರತ್ತೆ ಗಂಟು ಕಟ್ಟಿ ತಂದಿದ್ದಳು. ಅದನ್ನು ಮೊರಕ್ಕೆ ಸುರಿದು ಹುಡುಗಿಯ ಮುಂದೆ ಸರಿಸಿದ್ದೇ ತಡ, ನಾನು ಮೊರದಿಂದ ಕಣ್ಣು ಕೀಳದೆ ಎದ್ದುನಿಂತೆ. "ಇದು ಅನ್ಯಾಯ. ಪರೀಕ್ಷೆ ಅಂದರೆ ಇಬ್ಬರಿಗೂ ಆಗಬೇಕು!"

"ಸುಮ್ಮ ಕೂಡಲೇ," ಎಂದಳು ಅತ್ತೆ. "ನಿನ್ನ ವಾದ ಹೈದರಾಬಾದಿನ್ಯಾಗ ಇಟ್ಕೋ."

ಹುಡುಗಿಯ ಅಪ್ಪ ಮೀಸೆಯಲ್ಲೇ ನಕ್ಕರು. "ಖರೇ ಅದರಿ ಅವರ ಮಾತು. ಹಂಗಾರ ನೀವೇ ಮೊದಲ ಆರಿಸ್ರಿ."

ಮೊರ ನನ್ನ ತೊಡೆಯ ಮೇಲೆ ಬಂತು. ಚರ್ಚೆಯಲ್ಲಿ ಸೋಲದವನು ಬೇಳೆಗೆ ಸೋಲುವುದುಂಟೆ? ತಲೆ ಬಗ್ಗಿಸಿದೆ. ಮೊದಲು ಬಿಳಿ ಹರಳೊಂದು ಸಿಕ್ಕಿತು. ಆಮೇಲೆ ಮೊರದ ತುಂಬ ಬಿಳಿ ಹರಳೇ. ಹೆಕ್ಕಿದೆ, ಹೆಕ್ಕಿದೆ, ಹಣೆಯ ಬೆವರು ಬೇಳೆಗೆ ಬೀಳುವವರೆಗೂ ಹೆಕ್ಕಿದೆ. ಎದುರಿನಿಂದ ತಡೆಹಿಡಿದ ನಗೆಯೊಂದು ಕೇಳಿತು. ವಿಜಯಿಯಂತೆ ತಲೆ ಎತ್ತಿದಾಗ ಹುಡುಗಿ ಒಳಗೆ ಹೋಗಿಯಾಗಿತ್ತು. ಹುಳುಕು ಬೇಳೆ, ಸಿಪ್ಪೆಕಾಳುಗಳೆಲ್ಲ ಮೊರದಲ್ಲೇ ಆರಾಮಾಗಿ ಕೂತಿದ್ದವು.

ನಮ್ಮೂರು ಮಟಕಿಗೆ ಮರಳುವಾಗ ಚಕ್ಕಡಿಯಲ್ಲಿ ಅವ್ವ ಕೇಳಿದಳು. "ಹುಡುಗಿ ಮಾರಿ ಹ್ಯಾಂಗದಲೇ? ಮನಸಿಗಿ ಬಂತಿಲ್ಲೋ?"

ಮಾರಿ! ಹುಡುಗಿಯ ಮುಖ ನೋಡುವುದೇ ಹೋದ ಕೆಲಸವಾಗಿತ್ತಲ್ಲ! ನೋಡಲಿಲ್ಲ ಎಂದರೆ ಸಂಬಂಧ ಮುರಿದಂತೆ. ಎರಡನೆಯ ಸಲ ಹೆಣ್ಣು ನೋಡಲು ಹೋಗುವುದು ನಮ್ಮಲ್ಲಿ ಅವಮಾನ. ಆ ನಗೆಯನ್ನು ಇನ್ನೊಮ್ಮೆ ಕೇಳದೆ ಇರುವುದಂತೂ ನನ್ನಿಂದ ಆಗದು.

"ಭಾಳ ಛಲೋ ಅದವ್ವಾ," ಎಂದೆ. ಸಾಕ್ಷಿಯಿಲ್ಲದೆ ಒಂದು ಮಾತನ್ನೂ ಒಪ್ಪದ ನಾನು!

ಲಗ್ನವಾಯಿತು. ಅಂತರಪಟ ಸರಿದಾಗ ಮೊದಲ ಸಲ ಮುಖ ನೋಡಿದೆ. ಆಡಿದ ಮಾತು ಸುಳ್ಳಾಗಲಿಲ್ಲ. ಇಂದಿಗೂ ಸುಖವಾಗಿದ್ದೇನೆ. ಮೊನ್ನೆ ಒಲೆಯ ಮುಂದೆ ಕೂತು ಹೆಂಡತಿಗೆ ಇದೆಲ್ಲವನ್ನೂ ಸಿದ್ಧಾಂತಸಮೇತ ವಿವರಿಸಿ, ಅವಳು ಆ ದಿನ ನನ್ನಲ್ಲಿ ಏನು ನೋಡಿದಳೆಂದು ಕೇಳಿದೆ.

"ನಮ್ಮವ್ವ ಬಣ್ಣ, ನಡಿಗಿ, ಸ್ವಭಾವ ಎಲ್ಲಾ ನೋಡು ಅಂದಿದ್ಳು," ಎಂದಳು ರೊಟ್ಟಿ ಬಡಿಯುತ್ತ. "ನಾ ಒಂದೇ ಹುಡುಕಿದೆ. ನಿಮ್ಮ ಮಾತು ಎಲ್ಲಿ ಮುಗೀತದ ಅಂತ."

"ಸಿಕ್ತೇನು?"

"ಇನ್ನಾ ಹುಡುಕಾಕತ್ತೇನ್ರಿ."

ಇದಕ್ಕೆ ನನ್ನ ಬಳಿ ಬಲವಾದ ಉತ್ತರವೊಂದಿತ್ತು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ.