ಶಾಂತ ಜಾಗಕ್ಕೆ ಹೋಗಿ ಹೆದರಿ ಬಂದವರು

ಶಾಂತವಾದ ಜಾಗ ಹೇಳಿ ಅಂತ ಬಂದವರನ್ನು ನಿಜವಾಗಿಯೂ ಶಾಂತವಾದ ಜಾಗಕ್ಕೆ ಕಳಿಸಿದರೆ ಏನೇನಾಗುತ್ತದೆ ಅನ್ನುವುದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಡೊಂಬಿವಲಿ ಸ್ಟೇಷನ್ನಿನ ಹತ್ತಿರ, ಒಂದು ಮೆಡಿಕಲ್ ಅಂಗಡಿಯ ಮಾಳಿಗೆಯಲ್ಲಿ ನನ್ನ ಟ್ರಾವೆಲ್ ಆಫೀಸು. ಗೋಡೆಯ ಮೇಲೆ ಅಂಡಮಾನಿನ ಪೋಸ್ಟರು: ಮುಂದೆ ನೀಲಿ ಕಡಲು, ಹಿಂದೆ ಕಪ್ಪು ಹಸಿರು ಕಾಡು. ಲೋಕಲ್ ರೈಲಿನಲ್ಲಿ ಹಿಂಡಿಸಿಕೊಂಡು ಬಂದವರು ಅದರ ಮುಂದೆ ಕೂತು ನಿಟ್ಟುಸಿರು ಬಿಡುತ್ತಾರೆ.

"ಅಕ್ಕಾ, ಕಡಲೂ ಬೇಕು, ಕಾಡೂ ಬೇಕು. ಜನ ಮಾತ್ರ ಬೇಡ."

ನಾನು ಅಂಥ ಜಾಗಕ್ಕೇ ಕಳಿಸುತ್ತೇನೆ. ಎರಡು ದಿನ ಕಳೆಯುವಷ್ಟರಲ್ಲಿ ಫೋನ್ ಬರುತ್ತದೆ.

ಕೋಣೆಯೊಳಗಿನ ಬಡಿತ

ಕಲ್ಯಾಣದಲ್ಲಿ ಒಬ್ಬರು ಟೀಚರು. ಮೂಲ ಧಾರವಾಡದ ಕಡೆ. ಮದುವೆಯಾಗಿ ಬಂದಾಗಿನಿಂದ ರೈಲು ಹಳಿಯ ಪಕ್ಕದ ಬಿಲ್ಡಿಂಗಿನಲ್ಲೇ ವಾಸ. ಡಾಕ್ಟರು ವಿಶ್ರಾಂತಿ ತಗೊಳ್ಳಿ ಅಂದರಂತೆ. ಕಾಡಿನ ಅಂಚಿನಲ್ಲಿ, ಕಡಲಿನಿಂದ ಸ್ವಲ್ಪ ಒಳಗೆ ಒಂದು ಮರದ ಕಾಟೇಜು ಬುಕ್ ಮಾಡಿಕೊಟ್ಟೆ.

ಅಲ್ಲಿಗೆ ಹೋದ ಮರುದಿನ ಮಧ್ಯಾಹ್ನವೇ ಫೋನು. ಪಿಸುದನಿ. "ಅಕ್ಕಾರ, ಯಾರೋ ಬಾಗಿಲ ಬಡೀಲಿಕ್ಹತ್ಯಾರ. ತಗದು ನೋಡಿದ್ರ ಯಾರೂ ಇಲ್ಲ. ಬಂದು ಮಲ್ಕೊಂಡ್ರ ಮತ್ತ ಧಡ್, ಧಡ್."

"ಅಲೆಯ ಸದ್ದು ಇರಬಹುದು ಟೀಚರ್."

"ಅಲಿ ಅಲ್ರೀ. ಇದು ಕೋಣಿ ಒಳಗನ ಅದ. ನಾ ಹೆದರಿದಷ್ಟೂ ಜೋರ್ ಬಡೀತದ."

ಸದ್ದು ಎಲ್ಲಿಂದ ಅಂತ ಹುಡುಕಲು ಜೊತೆಗಿದ್ದ ಅವರ ಯಜಮಾನರಿಗೆ ಹೇಳಿದೆ. ಅವರು ಗೋಡೆಗೆ ಕಿವಿ ಕೊಟ್ಟರು, ನೆಲಕ್ಕೆ ಕೊಟ್ಟರು, ದಿಂಬಿಗೆ ಕೊಟ್ಟರು. ಕೊನೆಗೆ ಹೆಂಡತಿಯ ಎದೆಗೆ ಕೊಟ್ಟರು. ಬಡಿಯುತ್ತಿದ್ದದ್ದು ಅಲ್ಲೇ.

ಟೀಚರು ಕೇಳಿದರು: "ಇಷ್ಟ ವರ್ಷ ಇದು ಬಡೀಲಿಕ್ಹತ್ತಿತ್ತೇನ್ರಿ? ಕಲ್ಯಾಣದಾಗ ಒಮ್ಮೆನೂ ಕೇಳ್ಸಿಲ್ಲ."

"ಬಡೀಲೇಬೇಕಲ್ಲ ಟೀಚರ್."

"ಅದು ಖರೆ. ಆದ್ರ ಇದರ ಗದ್ದಲದಾಗ ನಿದ್ದಿ ಹ್ಯಾಂಗ ಬರ್ಬೇಕ್ರಿ? ಒಂದು ರೂಮ್ ಬದಲಿ ಮಾಡಿಸಿ ಕೊಡ್ರಿ."

ಕಾಡಿನಲ್ಲಿ ಕನ್ನಡ

ಖಾರಘರದ ಒಬ್ಬ ತರುಣ. ಐಟಿ ಕಂಪನಿಯ ಕೆಲಸ, ಜಿಮ್ಮಿಗೆ ಹೋಗಿ ಬೆಳೆಸಿದ ತೋಳು. ಇಲ್ಲೇ ಹುಟ್ಟಿದವನು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವನನ್ನು ಅಂಡಮಾನಿನ ಕಾಡಿನೊಳಗೆ ಒಬ್ಬ ಬಂಗಾಳಿ ಹೆಂಗಸು ನಡೆಸುವ ಮನೆಗೆ ಕಳಿಸಿದ್ದೆ.

ಮೊದಲ ದಿನವೇ ಏದುಸಿರಿನ ಫೋನು. "ಆಂಟೀ, ಜಂಗಲ್ ಮೇ ಕೋಯೀ ಔರತ್ ಹೈ. ಕನ್ನಡ್ ಮೇ ರೋ ರಹೀ ಹೈ!"

ಒಬ್ಬನೇ ತಿರುಗಾಡಲು ಹೋದಾಗ, ಕಾಡಿನಲ್ಲಿ ಯಾರೋ ಹೆಂಗಸು ಕನ್ನಡದಲ್ಲಿ ಅಳುವುದು ಕೇಳಿಸಿತಂತೆ. ಮರಗಳು ಎಷ್ಟು ಎತ್ತರ ಅಂದರೆ ನಡುಹಗಲಲ್ಲೂ ಕೆಳಗೆ ಮಬ್ಬು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ತಲೆಯ ಮೇಲಿಂದ ಒಂದು ಹೆಣ್ಣುದನಿ: "ಬೇಡ... ಸಾಕು..." ತಲೆಯೆತ್ತಿದರೆ ಯಾರೂ ಇಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದ. ದನಿಯೂ ಹಿಂದೆಯೇ ಬಂತು: "ದಮ್ಮಯ್ಯ, ನನ್ನನ್ನು ಬಿಟ್ಟುಬಿಡಿ!" ಹುಡುಗ ಕಿರುಚುತ್ತಾ ಓಡಿದವನು ಮನೆ ಸೇರಿದ ಮೇಲೆಯೇ ನಿಂತದ್ದು.

ಆ ಕಾಡಿನಲ್ಲಿ ಯಾವ ಕನ್ನಡದವಳ ಆತ್ಮ ಅಲೆಯುತ್ತಿದೆ? ಕೂಡಲೇ ಮನೆಯ ಒಡತಿಗೆ ಫೋನ್ ಹಚ್ಚಿದೆ. ಆಕೆ ನಕ್ಕು ನಕ್ಕು ಹೇಳಿದಳು. ಗೂಡಿನಿಂದ ಬಿದ್ದಿದ್ದ ಒಂದು ಮೈನಾ ಮರಿಯನ್ನು ಆಕೆ ಸಾಕಿದ್ದಳಂತೆ. ಈಗ ಅದು ಮರದ ಮೇಲೆ ಆರಾಮಾಗಿ ಓಡಾಡಿಕೊಂಡು, ಬಂದವರ ಮಾತನ್ನೆಲ್ಲ ಕಲಿಯುತ್ತದೆ. ಹಿಂದಿನ ತಿಂಗಳು ನಾನೇ ಕಳಿಸಿದ್ದ ಠಾಣೆಯಲ್ಲಿ ನೆಲೆಸಿದ ಕುಂದಾಪುರ ಮೂಲದ ಅಮ್ಮನೊಬ್ಬರು, ಒಡತಿ ಪ್ರತಿ ಸಲ ಅನ್ನ ಮೀನು ಸುರಿಯಲು ಬಂದಾಗಲೂ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದು ಹಾಗೆ ಬೇಡಿಕೊಳ್ಳುತ್ತಿದ್ದರಂತೆ.

ಹುಡುಗ ನಾಚಿಕೊಂಡು ವಾಪಸ್ ಬಂದ. ವಾರದ ಮೇಲೆ ಒಡತಿಯೇ ಫೋನ್ ಮಾಡಿದಳು. ಹಕ್ಕಿ ಈಗ ಕನ್ನಡ ಬಿಟ್ಟಿದೆಯಂತೆ. ದಪ್ಪ ಗಂಡುದನಿಯಲ್ಲಿ "ಮಮ್ಮೀ! ಮಮ್ಮೀ!" ಅಂತ ಚೀರುತ್ತಿದೆ, ಹೊಸ ಗಿರಾಕಿಗಳು ಕಾಡಿಗೆ ಕಾಲಿಡುತ್ತಿಲ್ಲ.

ನೀರಿನ ಮೇಲೆ ಒಬ್ಬರು

ಘಣಸೋಲಿಯಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯ ಒಬ್ಬರು ಇದ್ದರು. ಬೆಳಕು ಹರಿಯುವ ಮೊದಲು ಹೋದರೆ ಎಲ್ಲರೂ ಮಲಗಿದ ಮೇಲೆ ಮನೆಗೆ ಬರುವವರು. ಅವರ ಹೆಂಡತಿ ನನ್ನ ಆಫೀಸಿನಲ್ಲಿ ಕೂತು, "ಮೊಬೈಲೇ ಹತ್ತದ ಜಾಗ ಉಂಟಾ ಅಕ್ಕಾ? ಇವರು ಒಮ್ಮೆ ಹೋಟೆಲನ್ನು ಮರೀಬೇಕು," ಅಂದರು. ಇದು ಕೆಲವು ವರ್ಷಗಳ ಹಿಂದಿನ ಮಾತು, ಆಗ ಅಂಥ ಜಾಗಗಳಿಗೇನೂ ಬರವಿರಲಿಲ್ಲ. ಒಂದು ಸಣ್ಣ ದ್ವೀಪದ ಗೆಸ್ಟ್‌ಹೌಸಿಗೆ ಕಳಿಸಿದೆ.

ಒಂದು ಮಧ್ಯಾಹ್ನ ಆಫೀಸಿನ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಆ ಹೆಂಡತಿಯೇ. ಗೆಸ್ಟ್‌ಹೌಸಿನ ಜಗಲಿಯ ಫೋನಿನಿಂದ. ಹಿಂದೆ ಜನ ಕೂಗುವ ಸದ್ದು.

"ಅಕ್ಕಾ, ಸಮುದ್ರದ ಮೇಲೆ ಏನೋ ನಿಂತಿದೆ! ದೋಣಿ ಇಲ್ಲ, ಬಂಡೆ ಇಲ್ಲ. ಮೋಡ ಕವಿದು ನೀರೂ ಆಕಾಶವೂ ಒಂದೇ ಬಣ್ಣ ಆಗಿದೆ. ನಡುವಲ್ಲಿ ಬಿಳಿ ಬಿಳಿ ಆಕಾರ. ಕೈ ಬೀಸಿ ಕರೀತಾ ಉಂಟು. ಇವರು ಬೇರೆ ಊಟ ಆದದ್ದೇ ಎಲ್ಲಿಗೆ ಹೋದರೋ ಕಾಣುವುದಿಲ್ಲ!"

ಅಷ್ಟರಲ್ಲಿ ನನ್ನ ಮೊಬೈಲು ರಿಂಗಾಯಿತು. ಗಂಡ!

"ಅಕ್ಕಾ, ಎಂಥ ಜಾಗಕ್ಕೆ ಕಳಿಸಿದ್ದು ಮಾರಾಯ್ರೆ? ದಡದಲ್ಲಿ ಏನೋ ಮೆಟ್ಟಿಕೊಂಡವರ ಹಾಗೆ ಜನ ಕುಣೀತಿದ್ದಾರೆ. ಕೆಲವರು ನನ್ನ ಕಡೆಗೇ ಕೈ ಮುಗೀತಿದ್ದಾರೆ."

"ನೀವು ಎಲ್ಲಿದ್ದೀರಿ?"

"ಯಾರಿಗೂ ಹೇಳಬೇಡಿ. ಸಮುದ್ರದ ನಡುವೆ ಒಂದು ಮರಳು ದಿಬ್ಬ ಉಂಟು. ಅಲ್ಲಿ ಮಾತ್ರ ಟವರ್ ಸಿಗ್ತದೆ. ನೀರು ಇಳಿದಾಗ ನಡಕೊಂಡು ಬಂದೆ, ಹೋಟೆಲಿಗೆ ಒಂದು ಫೋನ್ ಮಾಡುವ ಅಂತ. ಈಗ ನೀರು ಮೊಣಕಾಲಿಗೆ ಬಂತು. ಕೈ ಬೀಸಿದರೆ ಒಬ್ಬರೂ ಬರ್ತಾ ಇಲ್ಲ!"

ಅವರು ಯಾವಾಗಲೂ ಹಾಕುವ ವೇಷ ನೆನಪಾಯಿತು: ಬಿಳಿ ಪಂಚೆ, ಬಿಳಿ ಬನಿಯನ್, ತಲೆಗೆ ಬಿಳಿ ಟವೆಲು. ಲ್ಯಾಂಡ್‌ಲೈನಿನಲ್ಲಿ ಬೊಬ್ಬೆ ಹೊಡೆದೆ: "ಅದು ನಿಮ್ಮ ಯಜಮಾನರೇ! ಬೇಗ ದೋಣಿ ಕಳಿಸಿ!"

"ದೋಣಿಯವನು ಹೋಗುವುದಿಲ್ಲ ಅಂತಾನೆ ಅಕ್ಕಾ. ಇಲ್ಲಿಯ ದೆವ್ವಗಳು ಹೀಗೇ ಮನೆಯವರ ರೂಪದಲ್ಲಿ ಕರೆಯುತ್ತವಂತೆ. ಅದು ಇವರೇ ಅಂತ ನಾನು ಹೇಗೆ ನಂಬುವುದು?"

ಮೊಬೈಲಿನಲ್ಲಿ ಗಂಡ, "ಸೊಂಟಕ್ಕೆ ಬಂತು ಅಕ್ಕಾ, ಸೊಂಟಕ್ಕೆ ಬಂತು," ಅನ್ನುತ್ತಿದ್ದರು.

"ಏನಾದರೂ ಕೇಳಿ ಅಮ್ಮ, ಮನೆಯವರಿಗೆ ಮಾತ್ರ ಗೊತ್ತಿರುವಂಥದ್ದು!"

ಆಕೆ ಯೋಚಿಸಿ, "ನಮ್ಮ ಮಗಳು ಎಷ್ಟನೇ ಕ್ಲಾಸು ಅಂತ ಕೇಳಿ," ಅಂದರು.

ನಾನು ಕೇಳಿದೆ. ಮೊಬೈಲಿನಲ್ಲಿ ಅಳುಕಿದ ದನಿ: "ಆರನೇ... ಅಲ್ಲ, ನಿಲ್ಲಿ ಅಕ್ಕಾ... ಏಳನೇ ಇರಬೇಕು."

ಲ್ಯಾಂಡ್‌ಲೈನಿಗೆ ಅದನ್ನೇ ಹೇಳಿದೆ. ಆಕೆಯ ದನಿಯಿಂದ ಹೆದರಿಕೆಯೆಲ್ಲ ಒಮ್ಮೆಲೇ ಇಳಿದುಹೋಯಿತು.

"ಮಗಳು ಹತ್ತನೇ ಕ್ಲಾಸು ಅಕ್ಕಾ. ಇವರೇ, ಸಂಶಯವೇ ಇಲ್ಲ. ದೋಣಿ ಕಳಿಸ್ತೇನೆ."